ಹಳೆಯ ಸ್ಕೂಟರಿನ ಜೀರ್ಣೋದ್ಧಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಸ್ಕೂಟರು ಇರಲಿಲ್ಲ. ಇದ್ದಿದ್ದರೆ "ಹಳೆಯ ಸ್ಕೂಟರು ಬಿಚ್ಚಿ ನೋಡು" ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂದು ನನಗೆ ತೋರುತ್ತದೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ವಿದ್ಯಾರ್ಥಿನಿಯೊಬ್ಬಳು ಯಂತ್ರದ ವಿಷಯವಾಗಿ ಲೇಖನಿ ಹಿಡಿಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ವರ್ಷಗಳಿಂದ ನಿಂತೇ ಇದ್ದ ಸ್ಕೂಟರೊಂದನ್ನು 2025ರ ಬೇಸಗೆಯ ರಜೆಯಲ್ಲಿ ನಾನೂ ನನ್ನ ತಂದೆಯವರೂ ಸೇರಿ ಮತ್ತೆ ರಸ್ತೆಗಿಳಿಸಿದೆವು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ಹಳ್ಳಿಗಳಲ್ಲಿ ಹೀಗೆ ಮೂಲೆ ಹಿಡಿದ ಸ್ಕೂಟರುಗಳು ಇನ್ನೂ ಇವೆ. ಅಂತಹುದೊಂದು ಮನೆಯಲ್ಲಿರುವ ಸಹಪಾಠಿಗಳಿಗೆ ಉಪಯೋಗವಾದೀತೆಂದು ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಸ್ಕೂಟರು ಬಂದ ದಾರಿ

ಎರಡನೆಯ ಮಹಾಯುದ್ಧದಿಂದ ಇಟಲಿ ದೇಶವು ಬಡವಾಯಿತು. ಅಲ್ಲಿ ವಿಮಾನಗಳನ್ನು ತಯಾರಿಸುತ್ತಿದ್ದ ಪಿಯಾಜಿಯೋ ಎಂಬ ಸಂಸ್ಥೆ ಜನಸಾಮಾನ್ಯರಿಗೆ ಎಟುಕುವ ವಾಹನವೊಂದನ್ನು ಮಾಡಹೊರಟಿತು. ಆ ಕೆಲಸ ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನ ಎಂಜಿನಿಯರನ ಪಾಲಿಗೆ ಬಂದಿತು. ಈತನಿಗೆ ಮೋಟಾರ್ ಸೈಕಲ್ ಎಂದರೆ ಅಷ್ಟಕ್ಕಷ್ಟೆ. ಆದುದರಿಂದಲೇ 1946ರಲ್ಲಿ ಅವನು ರೂಪಿಸಿದ 'ವೆಸ್ಪಾ' ಮೋಟಾರ್ ಸೈಕಲ್ಲಿನಂತೆ ಇರಲಿಲ್ಲ. ಬಟ್ಟೆಗೆ ಎಣ್ಣೆ ಸಿಡಿಯದಂತೆ ಎಂಜಿನ್ನು ತಗಡಿನೊಳಗೆ ಅಡಗಿತು. ಚೈನು ಮಾಯವಾಯಿತು. ಕಾಲಿಡಲು ಮುಂದೆ ಸಮತಟ್ಟಾದ ಜಾಗ ಬಂದಿತು. ಮುಂದಿನ ಚಕ್ರವನ್ನು ಎರಡು ಪಕ್ಕಗಳಿಂದ ಹಿಡಿಯದೆ ಒಂದೇ ತೋಳು ಹಿಡಿದುಕೊಂಡಿತು. ಇದು ವಿಮಾನದ ಗಾಲಿಯಿಂದ ತಂದ ಉಪಾಯ. ವೆಸ್ಪಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಣಜದ ಹುಳು.

ನಮ್ಮ ದೇಶದಲ್ಲಿ ಬಜಾಜ್ ಸಂಸ್ಥೆ 1948ರಲ್ಲಿ ಹೊರದೇಶದ ಸ್ಕೂಟರುಗಳನ್ನು ತರಿಸಿ ಮಾರಲು ತೊಡಗಿ, 1959ರಲ್ಲಿ ತಯಾರಿಕೆಯ ಪರವಾನಗಿ ಪಡೆದು, ಮುಂದೆ ಪಿಯಾಜಿಯೋ ಜೊತೆಗಿನ ಒಪ್ಪಂದದಂತೆ ಪುಣೆಯ ಬಳಿ ವೆಸ್ಪಾಗಳನ್ನು ತಯಾರಿಸಿತು. 1971ರಲ್ಲಿ ಒಪ್ಪಂದ ಮುಗಿಯಿತು. ಮರುವರ್ಷವೇ ಅದೇ ವಂಶದ ಸ್ಕೂಟರು 'ಚೇತಕ್' ಎಂಬ ಹೆಸರಿನಿಂದ ಹೊರಬಂದಿತು. 1576ರ ಹಲ್ದಿಘಾಟಿಯ ಯುದ್ಧದಲ್ಲಿ ತಾನು ಗಾಯಗೊಂಡಿದ್ದರೂ ರಾಣಾ ಪ್ರತಾಪನನ್ನು ಹೊತ್ತು ಪಾರುಮಾಡಿತೆಂದು ಹೇಳುವ ಕುದುರೆಯ ಹೆಸರು ಅದು. ಒಂದು ಕಾಲದಲ್ಲಿ ಈ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. 2005ರ ಸುಮಾರಿಗೆ ಪೆಟ್ರೋಲಿನ ಚೇತಕ್ ತಯಾರಿಕೆ ನಿಂತಿತು. 2020ರಲ್ಲಿ ಅದೇ ಹೆಸರು ವಿದ್ಯುತ್ತಿನಿಂದ ಓಡುವ ಸ್ಕೂಟರೊಂದಕ್ಕೆ ಬಂದಿದೆ.

ಯಂತ್ರ ಹಳತಾದ ಮಾತ್ರಕ್ಕೆ ಕೆಲಸಕ್ಕೆ ಬಾರದಂತಾಗುವುದಿಲ್ಲ. ನಮ್ಮ ನೆರೆಯ ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾದವು. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದರೂ ಆ ಗಾಡಿಗಳನ್ನು ಮುತುವರ್ಜಿಯಿಂದ ಓಡಿಸುವವರು ಇಂದಿಗೂ ಇದ್ದಾರೆ.

ನಮ್ಮ ಗಾಡಿಯ ಕಥೆ

ನಮ್ಮದು 1991ರ ಚೇತಕ್. ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಶಾಲೆಯಲ್ಲಿದ್ದ ಮೇಷ್ಟರೊಬ್ಬರು ವರ್ಗವಾಗಿ ಹೋಗುವಾಗ ನನ್ನ ತಂದೆಗೆ ಕೊಟ್ಟು ಹೋದದ್ದು. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಆಲೆಮನೆಗೆ ಬುತ್ತಿ, ಸಂತೆಯ ದಿನ ಕೃಷ್ಣರಾಜಪೇಟೆಗೆ ತರಕಾರಿಯ ಮೂಟೆ, ಹಬ್ಬಕ್ಕೆ ನಾಗಮಂಗಲದ ಅತ್ತೆಯ ಮನೆ, ವರ್ಷಕ್ಕೊಮ್ಮೆ ಗಂಜಾಮಿನ ನಿಮಿಷಾಂಬ ದೇವಸ್ಥಾನ: ಇವೆಲ್ಲಕ್ಕೂ ಅದೇ ರಥ. ಹ್ಯಾಂಡಲ್ಲಿನ ಹಿಂದೆ, ಅಪ್ಪನ ಮೊಣಕಾಲುಗಳ ನಡುವೆ ನಿಂತುಕೊಂಡೇ ನಾನು ಈ ಜಿಲ್ಲೆಯನ್ನು ನೋಡಿದ್ದು.

2021ರಲ್ಲಿ ಮೇಲುಕೋಟೆಯ ಬೆಟ್ಟ ಇಳಿಯುವಾಗ ಬ್ರೇಕು ಹಿಡಿಯದೆ ಗಾಡಿ ಚರಂಡಿಗೆ ಇಳಿಯಿತು. ಅಪ್ಪನ ಬಲಗಾಲು ಮುರಿಯಿತು. ಕಾಲಿಗೆ ರಾಡು ಹಾಕಿದರು. ಈಗಲೂ ಸ್ವಲ್ಪ ಎಳೆದು ನಡೆಯುತ್ತಾರೆ. ಊರಿನವರು "ಗಾಡಿ ಕೈ ಕೊಟ್ಟಿತು" ಎಂದರು. ರಾಣಾ ಪ್ರತಾಪನನ್ನು ಉಳಿಸಿದ ಕುದುರೆಯ ಹೆಸರಿಟ್ಟುಕೊಂಡ ಗಾಡಿ ನಮ್ಮ ಅಪ್ಪನನ್ನು ಕೆಡವಿತಲ್ಲ ಎಂದು ನಾನೂ ಅದನ್ನು ದ್ವೇಷಿಸಿದೆ. ಅಂದಿನಿಂದ ಅದು ಕೊಟ್ಟಿಗೆಯ ಪಾಲಾಯಿತು. ಸೀಟಿನ ಮೇಲೆ ಕೋಳಿ ಕಾವು ಕೂರುತ್ತಿತ್ತು.

2025ರ ಮಾರ್ಚಿಯಲ್ಲಿ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಹೇಳಿದ. ಅಪ್ಪ ಒಪ್ಪಿದ್ದರು. ನಾನು ರಜೆ ಮುಗಿಯುವವರೆಗೆ ಸಮಯ ಕೇಳಿದೆ. ನನಗೆ ಬೇಕಾಗಿದ್ದುದು ಅಲಂಕಾರದ ವಸ್ತುವಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ, ನಿಜ. ಆದರೆ ಬಸ್ಸು ನಿಲ್ಲುವ ದೊಡ್ಡ ರಸ್ತೆಗೂ ನಮ್ಮ ಮನೆಗೂ ಮೂರು ಮೈಲಿ. ಸಂಜೆ ಗ್ರಂಥಾಲಯದಲ್ಲಿ ಅರ್ಧ ಗಂಟೆ ಹೆಚ್ಚಿಗೆ ಕುಳಿತರೆ ಆ ಮೂರು ಮೈಲಿಯನ್ನು ಕತ್ತಲೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ನಡೆಯಬೇಕು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅರ್ಧ ಗಂಟೆಗೆ ಎಷ್ಟು ಬೆಲೆ ಎಂಬುದನ್ನು ಬೇರೆ ಯಾರಿಗೂ ವಿವರಿಸಲಾರೆ.

"ಬ್ಯಾಡ ಕಣವ್ವ. ಅದು ನನ್ ಕಾಲ್ ಮುರಿದಿದ್ದೇ ಸಾಕು" ಎಂದರು ಅಪ್ಪ.

"ಯಾಕೆ ಮುರೀತು ಅಂತ ಒಂದ್ಸಲ ಬಿಚ್ಚಿ ನೋಡನ ಕಣಪ್ಪ. ಆಮೇಲೆ ಬೇಕಾದ್ರೆ ಮಾರು" ಎಂದೆ.

ಶ್ರೀರಂಗಪಟ್ಟಣದ ಗ್ಯಾರೇಜೊಂದರ ಹಿರಿಯ ಮೇಸ್ತ್ರಿಗಳನ್ನು ಸಲಹೆ ಕೇಳಿದಾಗ ಅವರು ನಕ್ಕು ಹೇಳಿದ ಮಾತು ಇಡೀ ಕೆಲಸಕ್ಕೆ ಸೂತ್ರವಾಯಿತು: "ಮೊದ್ಲು ಅದಕ್ಕೆ ನಿಲ್ಲೋದು ಕಲಿಸವ್ವ. ಓಡೋದು ಆಮೇಲೆ. ಬಣ್ಣ ಎಲ್ಲಾದಕ್ಕೂ ಕೊನೆಗೆ." ಎಷ್ಟೋ ಜನ ಹಳೆಯ ಗಾಡಿಗೆ ಮೊದಲು ಬಣ್ಣ ಬಳಿಸುತ್ತಾರೆ, ಹಣ ಅಲ್ಲಿಗೇ ತೀರುತ್ತದೆ. ಆದುದರಿಂದ ಈ ಲೇಖನವೂ ಮೇಸ್ತ್ರಿಗಳ ಕ್ರಮವನ್ನೇ ಅನುಸರಿಸುತ್ತದೆ.

ಮೈಯ ಪರೀಕ್ಷೆ

ಯಾವ ತಿರುಪನ್ನೂ ಸಡಿಲಿಸುವ ಮುನ್ನ ಗಾಡಿ ಉಳಿಸಿಕೊಳ್ಳಲು ಯೋಗ್ಯವೇ ಎಂಬುದನ್ನು ನೋಡಬೇಕು. ಮೋಟಾರ್ ಸೈಕಲ್ಲಿಗೆ ಕೊಳವೆಗಳ ಚೌಕಟ್ಟುಂಟು. ವೆಸ್ಪಾ ವಂಶದ ಸ್ಕೂಟರಿಗೆ ಅಂತಹ ಎಲುಬಿಲ್ಲ. ಅಚ್ಚೊತ್ತಿದ ಉಕ್ಕಿನ ತಗಡಿನ ಮೈಯೇ ಚೌಕಟ್ಟು. ಮಡಕೆಗೆ ಗೋಡೆಯೇ ಆಧಾರವಾಗಿರುವಂತೆ ಇದು. ಆದುದರಿಂದ ಕಾಲಿಡುವ ಜಾಗಕ್ಕೆ ತುಕ್ಕು ಹಿಡಿದರೆ ಅದು ಚರ್ಮರೋಗವಲ್ಲ, ಬೆನ್ನುಮೂಳೆಯ ರೋಗ.

ಗಾಡಿಯನ್ನು ಗೋಣಿಚೀಲದ ಮೇಲೆ ಪಕ್ಕಕ್ಕೆ ಮಲಗಿಸಿ, ರಬ್ಬರ್ ಹಾಸು ಕಿತ್ತು, ಕೆಳಭಾಗವನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ. ಕೊಳೆತದ್ದು ಒಡಕು ಸದ್ದು ಮಾಡಿ ಪುಡಿ ಉದುರಿಸುತ್ತದೆ. ಮಲಗಿಸುವ ಮುನ್ನ ಪೆಟ್ರೋಲು ಇಳಿಸಿ ಬ್ಯಾಟರಿ ತೆಗೆಯುವುದನ್ನು ಮರೆಯಬಾರದು. ನಮ್ಮ ಗಾಡಿಯಲ್ಲಿ ಹಾಲಿನ ಕ್ಯಾನು ಇಡುತ್ತಿದ್ದ ಕಡೆ ಅಂಗೈಯಗಲ ತೂತಾಗಿತ್ತು. ಬೆನ್ನುಮೂಳೆಯಂತಿರುವ ನಡುವಿನ ಭಾಗ ಮಾತ್ರ ಗಟ್ಟಿಯಾಗಿತ್ತು. ಅದೂ ಹೋಗಿದ್ದರೆ ನಾನೇ ಗುಜರಿಯವನನ್ನು ಕರೆಯುತ್ತಿದ್ದೆ.

ತೂತಿಗೆ ಪಾಂಡವಪುರದ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ತಗಡು ಹಾಕಿಸಿದೆವು. ಇಲ್ಲೊಂದು ಎಚ್ಚರಿಕೆ. ವೆಲ್ಡಿಂಗಿಗೆ ಒಯ್ಯುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಮನೆಯಲ್ಲೇ ಬಿಡಬೇಕು. ಟ್ಯಾಂಕು ಖಾಲಿ ಎಂದು ಧೈರ್ಯ ತಾಳಬಾರದು. ಹೊತ್ತಿಕೊಳ್ಳುವುದು ದ್ರವಕ್ಕಿಂತ ಹೆಚ್ಚಾಗಿ ಅದರ ಆವಿ; ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಅದೇ.

ನಿಲ್ಲಿಸುವ ವಿದ್ಯೆ

ಚೇತಕ್ ಗಾಡಿಗೆ ಎರಡು ಬ್ರೇಕುಗಳು: ಬಲಗೈಯದು ಮುಂದಿನ ಚಕ್ರಕ್ಕೆ, ಬಲಗಾಲಿನದು ಹಿಂದಿನದಕ್ಕೆ. ಎರಡೂ ಡ್ರಮ್ ಬ್ರೇಕುಗಳು. ತಿರುಗುವ ಲೋಹದ ಡಬ್ಬಿಯೊಳಗೆ ಅರ್ಧಚಂದ್ರಾಕಾರದ ಎರಡು 'ಶೂ'ಗಳಿರುತ್ತವೆ. ಕೇಬಲ್ ಎಳೆದಾಗ ಅವು ಅಗಲವಾಗಿ ಡ್ರಮ್ಮಿನ ಒಳಗೋಡೆಯನ್ನು ಉಜ್ಜುತ್ತವೆ. ಉಜ್ಜಾಟದಿಂದ ಗಾಡಿ ನಿಲ್ಲುತ್ತದೆ. ಆದುದರಿಂದ ಉಜ್ಜುವ ಜಾಗಕ್ಕೆ ಎಣ್ಣೆ ಬೀಳಬಾರದು. ಇದು ಮಗುವಿಗೂ ತಿಳಿಯುವ ಮಾತು.

ಹಿಂದಿನ ಚಕ್ರ ಕಳಚಿ, ಅಚ್ಚಿನ ನಟ್ಟಿಗೆ ಹಾಕಿದ್ದ ಪಿನ್ನು ಕಿತ್ತು, ಡ್ರಮ್ಮನ್ನು ಎಳೆದೆವು. ಅದು ಬಂದೊಡನೆ ಅಪ್ಪ ಸುಮ್ಮನಾದರು. ಒಳಗೆಲ್ಲ ಕಪ್ಪು ಎಣ್ಣೆ. ಶೂಗಳು ಬೋಂಡದಂತೆ ಎಣ್ಣೆ ಕುಡಿದಿದ್ದವು.

ಇದರ ಕಾರಣ ಹೀಗೆ: ಈ ಸ್ಕೂಟರಿನಲ್ಲಿ ಹಿಂದಿನ ಚಕ್ರದ ಅಚ್ಚು ನೇರವಾಗಿ ಗೇರ್‌ಬಾಕ್ಸಿನಿಂದಲೇ ಹೊರಬರುತ್ತದೆ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಇರುತ್ತದೆ. ಆ ಎಣ್ಣೆ ಅಚ್ಚಿನ ಗುಂಟ ಡ್ರಮ್ಮಿಗೆ ಬಾರದಂತೆ ತಡೆಯುವುದು ಉಂಗುರದಂತಹ ಒಂದು ರಬ್ಬರ್ ಸೀಲು ಮಾತ್ರ. ಕಾಲಾಂತರದಲ್ಲಿ ರಬ್ಬರು ಗಡುಸಾಗಿ ತುಟಿ ಸವೆಯುತ್ತದೆ; ಎಣ್ಣೆ ತೊಟ್ಟು ತೊಟ್ಟಾಗಿ ಬ್ರೇಕಿಗೆ ಇಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬ್ರೇಕು ಸಡಿಲವೆನಿಸಿದಾಗ ಸವಾರನು ಕೇಬಲ್ಲಿನ ನಟ್ಟು ಬಿಗಿಯುತ್ತಾನೆ. ಎರಡು ದಿನ ಸರಿಯಾದಂತೆ ತೋರುತ್ತದೆ. ಮೂಲರೋಗ ಮಾತ್ರ ಒಳಗೇ ಬೆಳೆಯುತ್ತಿರುತ್ತದೆ.

"ನಂಗೆ ಗೊತ್ತಿತ್ತು ಕಣವ್ವ, ಬ್ರೇಕು ಜಾರ್ತದೆ ಅಂತ" ಎಂದರು ಅಪ್ಪ, ಡ್ರಮ್ಮನ್ನೇ ನೋಡುತ್ತ. "ಮೇಸ್ತ್ರಿ ಬಿಚ್ಬೇಕು ಅಂದಿದ್ದ. ಮುಂದಿನ್ ತಿಂಗಳು ಬಿಚ್ಸನ ಅಂದ್ಕಂಡೆ."

ಯಾವ ತಿಂಗಳೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅದು ನನ್ನನ್ನು ಪಿ.ಯು.ಸಿ.ಗೆ ಸೇರಿಸಿದ ತಿಂಗಳು. ಫೀಸು, ಪುಸ್ತಕ, ಎರಡು ಜೊತೆ ಬಟ್ಟೆ ಎಂದು ಮನೆಯ ದುಡ್ಡೆಲ್ಲ ಖರ್ಚಾಗಿತ್ತು. ನಾವು ಆ ದಿನ ಅಂಗಡಿಯಲ್ಲಿ ಹೊಸ ಸೀಲಿಗೆ ಕೊಟ್ಟದ್ದು ಅರುವತ್ತು ರೂಪಾಯಿ.

ಈಗ ಪಾಠಕ್ಕೆ ಬರೋಣ. ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರುಂಟು. ಅದು ಕೂಡದು, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಹೊಸ ಶೂಗಳನ್ನೇ ಹಾಕಬೇಕು, ಸೀಲು ಬದಲಿಸಿದ ಮೇಲೆಯೇ ಹಾಕಬೇಕು. ಡ್ರಮ್ಮಿನ ಒಳಗಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಶೂಗಳಲ್ಲಿ ಆಸ್‌ಬೆಸ್ಟಾಸ್ ಎಂಬ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಬಹು ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರಸಿ ಆ ಬಟ್ಟೆಯನ್ನು ಎಸೆಯಬೇಕು. ಕೇಬಲ್ಲುಗಳಲ್ಲಿ ಒಂದು ಎಳೆ ತುಂಡಾಗಿದ್ದರೂ ಇಡೀ ಕೇಬಲ್ಲನ್ನು ಬದಲಿಸಬೇಕು. ಅಚ್ಚಿನ ನಟ್ಟು ಬಿಗಿದ ಮೇಲೆ ಹೊಸ ಪಿನ್ನನ್ನು ಹಾಕದೆ ಬಿಡಕೂಡದು. ಚಕ್ರ ಕಳಚದಂತೆ ಕಾಯುವುದು ಅದೇ.

ಬ್ರೇಕಿನ ಜೊತೆಗೆ ಟೈರೂ ಸೇರುತ್ತದೆ. ನಮ್ಮ ಟೈರುಗಳ ಮೇಲಿನ ಗೆರೆಗಳು ಚೆನ್ನಾಗಿಯೇ ಇದ್ದವು. ಆದರೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1414 ಎಂದಿತ್ತು; ಅಂದರೆ 2014ರ ಹದಿನಾಲ್ಕನೆಯ ವಾರ. ಹನ್ನೊಂದು ವರ್ಷದ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಎರಡನ್ನೂ ಬದಲಿಸಿದೆವು. ಈ ಸ್ಕೂಟರಿನ ಚಕ್ರದ ರಿಮ್ಮು ಎರಡು ಹೋಳುಗಳನ್ನು ನಟ್ಟುಗಳಿಂದ ಕೂಡಿಸಿದ್ದು. ಗಾಳಿಯನ್ನು ಪೂರ್ತಿ ಇಳಿಸದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳು ಸಿಡಿದು ಮುಖಕ್ಕೆ ಬಡಿಯಬಹುದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಓಡಿಸುವ ವಿದ್ಯೆ

ಓಡಲು ಎಂಜಿನ್ನಿಗೆ ಮೂರು ವಸ್ತುಗಳು ಬೇಕು: ಪೆಟ್ರೋಲು, ಗಾಳಿ, ಕಿಡಿ.

ಮೊದಲು ಪೆಟ್ರೋಲು. ನಾಲ್ಕು ವರ್ಷ ನಿಂತ ಟ್ಯಾಂಕಿನಲ್ಲಿ ಜೋನಿಬೆಲ್ಲದಂತಹ ಅಂಟೂ ತುಕ್ಕೂ ಕೂಡಿತ್ತು. ಅದರೊಳಗೆ ಎಣಿಸಿ ನಲವತ್ತು ಸಣ್ಣ ನಟ್ಟುಗಳನ್ನು ಹಾಕಿ, ಸ್ವಲ್ಪ ಡೀಸೆಲ್ ಸುರಿದು, ಒನಕೆ ಕುಟ್ಟುವಷ್ಟು ಹೊತ್ತು ಕುಲುಕಿದೆವು. ತುಕ್ಕೆಲ್ಲ ಉದುರಿತು. ಹಾಕಿದ ನಟ್ಟುಗಳನ್ನು ಎಣಿಸಿಯೇ ಹೊರತೆಗೆಯಬೇಕು. ನಮಗೆ ಮೂವತ್ತೊಂಬತ್ತು ಸಿಕ್ಕಿ, ಉಳಿದ ಒಂದಕ್ಕಾಗಿ ಅರ್ಧ ದಿನ ಹೋಯಿತು. ಆಮೇಲೆ ಟ್ಯಾಂಕನ್ನು ಪೆಟ್ರೋಲಿನಿಂದ ಜಾಲಿಸಿ, ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿ ಒಣಗಿಸಿದೆವು.

ಇಲ್ಲಿ ನಮ್ಮ ಜಿಲ್ಲೆಯವರು ತಿಳಿಯಬೇಕಾದ ಸ್ವಾರಸ್ಯವೊಂದಿದೆ. ಕಬ್ಬಿನ ಹಾಲಿನಿಂದಲೂ ಕಾಕಂಬಿಯಿಂದಲೂ ಎಥನಾಲ್ ಎಂಬ ಮದ್ಯಸಾರವನ್ನು ತೆಗೆಯುತ್ತಾರೆ. ಅದನ್ನು ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಉದ್ಘಾಟನೆಯಾಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಸಾಮಾನ್ಯವಾಯಿತು. ಕಬ್ಬು ಬೆಳೆಯುವ ನಮಗೆ ಇದು ಒಳ್ಳೆಯದೇ. ಆದರೆ 1991ರ ಸ್ಕೂಟರಿನ ರಬ್ಬರುಗಳು ಈ ಮಿಶ್ರಣಕ್ಕಾಗಿ ಮಾಡಿದವಲ್ಲ; ಹಳೆಯ ಪೈಪು, ವಾಷರುಗಳು ಊದಿಕೊಂಡು ಸೀಳುತ್ತವೆ. ಎಥನಾಲಿಗೆ ನೀರನ್ನು ಹೀರುವ ಗುಣವೂ ಉಂಟು. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ತಳಕ್ಕಿಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹೀಗೆ ಅಪ್ಪ ಬೆಳೆದ ಕಬ್ಬೇ ಅಪ್ಪನ ಸ್ಕೂಟರಿಗೆ ಶತ್ರುವಾಗಬಹುದು! ಪರಿಹಾರ ಸುಲಭ. ರಬ್ಬರು ಭಾಗಗಳನ್ನು ಎಥನಾಲ್ ತಡೆಯುವಂತಹ ಹೊಸದಕ್ಕೆ ಬದಲಿಸಬೇಕು. ಪೆಟ್ರೋಲನ್ನು ಬೇಕಾದಷ್ಟೇ ಹಾಕಬೇಕು. ಬಹುದಿನ ನಿಲ್ಲಿಸುವುದಾದರೆ ಪೂರ್ತಿ ಇಳಿಸಬೇಕು.

ಎರಡನೆಯದು ಎಣ್ಣೆ. ಚೇತಕ್ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಅದರ ಅಳತೆ 145 ಸಿ.ಸಿ.ಗಿಂತ ತುಸು ಹೆಚ್ಚು. ಈಗಿನ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ನಿನ ತಳದಲ್ಲಿ ಎಣ್ಣೆ ಬೇರೆಯಾಗಿಯೇ ನಿಂತಿರುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವೇ ತಳದ ಮೂಲಕ ಹಾದುಹೋಗುವುದರಿಂದ ಅಲ್ಲಿ ಎಣ್ಣೆ ನಿಲ್ಲಿಸುವಂತಿಲ್ಲ. ಪೆಟ್ರೋಲಿನೊಡನೆಯೇ ಬೆರೆಸಿ ಕಳುಹಿಸಬೇಕು. ಪ್ರಮಾಣ ನೂರಕ್ಕೆ ಎರಡು, ಅಂದರೆ ಲೀಟರಿಗೆ 20 ಮಿಲಿ ಲೀಟರ್ 2ಟಿ ಎಣ್ಣೆ. ಕಡಿಮೆಯಾದರೆ ಪಿಸ್ಟನ್ನು ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಏನಾಗುವುದೆಂಬುದನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಆ ತಪ್ಪು ನನ್ನದು.

ಕಾರ್ಬುರೇಟರು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಪಾತ್ರೆ. ಅದರಲ್ಲಿ 'ಜೆಟ್' ಎಂಬ ಹಿತ್ತಾಳೆಯ ಸಣ್ಣ ಬಿಲ್ಲೆಗಳಲ್ಲಿ ಕೂದಲೆಳೆಯಷ್ಟು ತೂತುಗಳಿವೆ. ಕಟ್ಟಿಕೊಂಡರೆ ಸೂಜಿಯಿಂದ ಚುಚ್ಚಬಾರದು. ತೂತು ಹಿಗ್ಗಿ ಮಿಶ್ರಣ ಕೆಡುತ್ತದೆ. ಪೆಟ್ರೋಲಿನಲ್ಲಿ ನೆನೆಹಾಕಿ ಪಂಪಿನಿಂದ ಗಾಳಿ ಹೊಡೆಯಬೇಕು. ಗಾಳಿಯ ಜರಡಿಯನ್ನೂ ಹಾಗೆಯೇ ತೊಳೆಯಬೇಕು. ಕಬ್ಬಿನ ಲಾರಿಗಳ ಧೂಳು ತಿಂದ ನಮ್ಮ ಜರಡಿ ಒಂದು ಹಿಡಿ ಮಣ್ಣು ಬಿಟ್ಟಿತು.

ಮೂರನೆಯದು ಕಿಡಿ. ಗಾಡಿಯ ಡಿಕ್ಕಿಯಲ್ಲಿ ಮೇಷ್ಟರು ಬಿಟ್ಟುಹೋದ ಇಂಗ್ಲಿಷ್ ಕೈಪಿಡಿಯೊಂದಿತ್ತು. ಇಪ್ಪತ್ತು ವರ್ಷ ಗಾಡಿ ಓಡಿಸಿದರೂ ಅಪ್ಪ ಅದನ್ನು ಬಿಡಿಸಿರಲಿಲ್ಲ. ಅವರಿಗೆ ಸಹಿ ಹಾಕುವಷ್ಟೇ ಅಕ್ಷರ. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಬೆರಳಿನಿಂದ ಆ ಭಾಗವನ್ನು ತೋರಿಸುತ್ತಿದ್ದರು. ಪ್ಲಗ್ಗಿನ ತುದಿಗಳ ಸಂದು 0.6 ಮಿಲಿ ಮೀಟರ್, ಕಾಂಟಾಕ್ಟ್ ಪಾಯಿಂಟುಗಳ ಸಂದು 0.3ರಿಂದ 0.5ರೊಳಗೆ. ಇದನ್ನು ಅಳೆಯಲು ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಎಲೆಗಳ ಕಟ್ಟು ಸಿಗುತ್ತದೆ. ಪ್ಲಗ್ಗು ಎಂಜಿನ್ನಿನ ನಾಲಗೆಯಿದ್ದಂತೆ. ವೈದ್ಯರು ನಾಲಗೆ ನೋಡಿ ರೋಗ ಹೇಳುವಂತೆ ಪ್ಲಗ್ಗಿನ ಬಣ್ಣ ನೋಡಿ ಗಾಡಿಯ ಆರೋಗ್ಯ ಹೇಳಬಹುದು. ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು.

ಎಲ್ಲ ಕೂಡಿಸಿ, ವಾಡಿಕೆಯಂತೆ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ, ನಾನು ಕಿಕ್ ಹೊಡೆದೆ. ಹನ್ನೊಂದನೆಯ ಒದೆತಕ್ಕೆ ಶುರುವಾಯಿತು. ಕೋಳಿಗಳೆಲ್ಲ ಹಾರಿ ಅಟ್ಟ ಸೇರಿದವು. ಆದರೆ ನಿಮಿಷದಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಪೆಟ್ರೋಲು ಸಾಲದೆಂದು ನನ್ನ ತೀರ್ಮಾನ. ಜೆಟ್ಟನ್ನು ಮತ್ತೆ ಬಿಚ್ಚಹೊರಟೆ. ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ ಅಪ್ಪ ಅಲ್ಲಿಂದಲೇ ಹೇಳಿದರು: "ಅದಕ್ಕೆ ಹಸಿವಲ್ಲ ಕಣವ್ವ, ಅಜೀರ್ಣ. ಎಣ್ಣೆ ಎಷ್ಟ್ ಹಾಕ್ದೆ?"

ಬಹಳ ದಿನ ನಿಂತ ಎಂಜಿನ್ನಿಗೆ ಎಣ್ಣೆ ಹೆಚ್ಚಿದ್ದರೆ ಒಳ್ಳೆಯದೆಂದು ನಾನು ಲೀಟರಿಗೆ 50 ಮಿಲಿ ಹಾಕಿದ್ದೆ. ಪ್ಲಗ್ಗು ಬಿಚ್ಚಿ ನೋಡಿದರೆ ಕಾಡಿಗೆಯ ಮುದ್ದೆ! ಸರಿಯಾದ ಮಿಶ್ರಣ ಹಾಕಿ ಪ್ಲಗ್ಗು ಒರಸಿದ ಮೇಲೆ ಎರಡನೆಯ ಒದೆತಕ್ಕೆ ಹೊತ್ತಿಕೊಂಡು ಒಂದೇ ಸಮನೆ ಓಡಿತು. ಕೈಪಿಡಿ ಓದಬಲ್ಲ ನನಗೆ ಕೇಳಿಸದ್ದು ಓದು ಬಾರದ ಅಪ್ಪನಿಗೆ ಕೇಳಿಸಿತು. ಕಾಲೇಜಿಗೆ ಬಂದ ಮೊದಲ ವರ್ಷ, ಅಪ್ಪನ ಎಣ್ಣೆಗೈಯ ಬಗ್ಗೆ ಗೆಳತಿಯರ ಮುಂದೆ ಮಾತು ತಪ್ಪಿಸಿದ್ದುಂಟು. ಆ ದಿನ ನನಗೆ ನಾಚಿಕೆಯಾದದ್ದು ಆ ತಪ್ಪಿಸಿದ ಮಾತಿಗಾಗಿ.

ಒಂದು ದೋಷವನ್ನು ಮುಚ್ಚಿಡಬಾರದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಬೆರೆಸಿದ ಎಣ್ಣೆಯೂ ಉರಿದು ಹೊಗೆಯಾಗುತ್ತದೆ. 2000ದಿಂದೀಚೆಗೆ ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಈ ಜಾತಿ ಹಿಂದೆ ಸರಿದದ್ದು ಇದೇ ಕಾರಣದಿಂದ. ಹಳೆಯ ಗಾಡಿಯನ್ನು ಉಳಿಸಿಕೊಳ್ಳುವವರು ಎಣ್ಣೆಯ ಅಳತೆಯನ್ನೂ ಕಾರ್ಬುರೇಟರನ್ನೂ ಸರಿಯಾಗಿಟ್ಟು ಊರಿನ ಗಾಳಿಯ ಮೇಲೆ ಕರುಣೆ ತೋರುವುದು ಕರ್ತವ್ಯ.

ಕಾಗದ ಮತ್ತು ಬಣ್ಣ

1988ರ ಮೋಟಾರು ವಾಹನ ಕಾಯಿದೆಯಂತೆ ಇಂತಹ ಗಾಡಿಯ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮದರ ಅವಧಿ 2021ಕ್ಕೇ ಮುಗಿದಿತ್ತು. ನಮೂನೆ 25ರಲ್ಲಿ ಅರ್ಜಿ ಬರೆದು, ವಿಮೆ ಮಾಡಿಸಿ, ಹೊಗೆ ಪರೀಕ್ಷೆಯ ಪತ್ರ ಪಡೆದು, ಗಾಡಿಯನ್ನು ಅಧಿಕಾರಿಗಳ ಮುಂದೆ ತಪಾಸಣೆಗೆ ಒಯ್ದೆವು. ದೀಪ, ಹಾರನ್, ಬ್ರೇಕು ನೋಡಿದರು. ಗೇರಿನ ಗಾಡಿಯ ಲೈಸೆನ್ಸನ್ನು ನಾನು ಅಷ್ಟರಲ್ಲಿ ಪಡೆದಿದ್ದೆ.

ಕೊನೆಗೆ ಬಣ್ಣ. ಉಪ್ಪುಕಾಗದದಿಂದ ತುಕ್ಕು ಉಜ್ಜಿ, ಕೆಂಪು ಪ್ರೈಮರ್ ಬಳಿದು, ಮೇಲೆ ಮೊದಲಿದ್ದ ನೀಲಿಯನ್ನೇ ಹೊಡೆದೆವು. ಒಂದೆರಡು ಕಡೆ ಬಣ್ಣ ಇಳಿದಿದೆ, ಕತ್ತಲೆಯಲ್ಲಿ ಕಾಣುವುದಿಲ್ಲ. ಬಿಡಿಭಾಗ, ಟೈರು, ಬ್ಯಾಟರಿ, ವೆಲ್ಡಿಂಗ್, ಬಣ್ಣಗಳಿಗೆ ಒಟ್ಟು ತಗುಲಿದ್ದು ಹನ್ನೊಂದು ಸಾವಿರದ ಚಿಲ್ಲರೆ; ಕಾಗದಪತ್ರದ ಖರ್ಚು ಬೇರೆ. ಒಮ್ಮೆಗೇ ಕೊಡಲು ನಮ್ಮಲ್ಲಿರಲಿಲ್ಲ. ವಾರಕ್ಕೊಂದು ಭಾಗದಂತೆ ಕೊಂಡೆವು. ಮನೆಯಲ್ಲೇ ಕೆಲಸ ಮಾಡುವುದರ ದೊಡ್ಡ ಅನುಕೂಲ ಇದೇ.

ಬೆಟ್ಟ ಇಳಿದದ್ದು

ಮೊದಲ ದೂರದ ಸವಾರಿ ನಾಗಮಂಗಲದ ಅತ್ತೆಯ ಮನೆಗೆ. ನಾನು ಓಡಿಸಿದೆ, ಅಪ್ಪ ಹಿಂದೆ ಕುಳಿತರು. ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದು, "ಅಯ್ಯೋ, ಇದು ಅದೇಯೇನವ್ವ?" ಎಂದರು. ಮರಳಿ ಬರುವಾಗ ಜಕ್ಕನಹಳ್ಳಿಯಲ್ಲಿ ಅಪ್ಪ ನನ್ನ ಭುಜ ಮುಟ್ಟಿ, "ಮೇಲ್ಕೋಟೆ ಕಡೆ ತಿರುಗ್ಸು" ಎಂದರು. ಚೆಲುವರಾಯಸ್ವಾಮಿಯ ದರ್ಶನ ಮಾಡಿ, ಅದೇ ಇಳಿಜಾರಿಗೆ ಬಂದೆವು.

ಇಳಿಯುವ ಮುನ್ನ ಅಪ್ಪ ತಮ್ಮ ಇನ್ನೊಂದು ತಪ್ಪನ್ನೂ ಹೇಳಿದರು. ಅಂದು ಅವರು ಪೆಟ್ರೋಲು ಉಳಿಸಲೆಂದು ಗಾಡಿಯನ್ನು ನ್ಯೂಟ್ರಲಿನಲ್ಲಿ ಇಳಿಬಿಟ್ಟಿದ್ದರಂತೆ. ನಮ್ಮ ಕಡೆ ಬಹಳ ಜನ ಹೀಗೆಯೇ ಮಾಡುತ್ತಾರೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಆ ಬ್ರೇಕಿನಲ್ಲಿ ಎಣ್ಣೆಯಿತ್ತು. ಆದುದರಿಂದ ಇಳಿಜಾರಿನಲ್ಲಿ, ಅದೇ ಬೆಟ್ಟವನ್ನು ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯತಕ್ಕದ್ದು. ಟೂ ಸ್ಟ್ರೋಕ್ ಗಾಡಿಯವರು ಇನ್ನೊಂದನ್ನೂ ನೆನಪಿಡಬೇಕು. ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ದೂರ ಇಳಿದರೆ ಪೆಟ್ರೋಲಿನೊಡನೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ನಡುನಡುವೆ ಸ್ವಲ್ಪ ತಿರುಗಿಸಿ ಎಂಜಿನ್ನಿಗೆ ಎಣ್ಣೆ ಕುಡಿಸುತ್ತಿರಬೇಕು.

ಎರಡನೆಯ ಗೇರಿನಲ್ಲಿ ಇಳಿದೆ. ಆ ತಿರುವಿನ ಹತ್ತಿರ ಬಂದಾಗ ಅಪ್ಪ, "ಇಲ್ ನಿಲ್ಸು" ಎಂದರು. ಎರಡು ಬ್ರೇಕನ್ನೂ ಸಮನಾಗಿ ಒತ್ತಿದೆ. ಗಾಡಿ ಜಾರದೆ ನಿಂತಿತು. ಅಪ್ಪ ಇಳಿದು, ಚರಂಡಿಯನ್ನೊಮ್ಮೆ ನೋಡಿ, ಬಗ್ಗಿ ಹಿಂದಿನ ಡ್ರಮ್ಮಿನ ಬಳಿ ಬೆರಳಾಡಿಸಿ ಮೂಸಿದರು. "ಒಣಗಿದೆ" ಎಂದು ಹೇಳಿ ಮತ್ತೆ ಹತ್ತಿ ಕುಳಿತರು. ಮನೆಗೆ ಬರುವವರೆಗೆ ಬೇರೆ ಮಾತಿಲ್ಲ. ಮರುದಿನ ಗುಜರಿಯವನು ಬಂದಾಗ ಅವರೇ ಅವನನ್ನು ಕಳುಹಿಸಿಬಿಟ್ಟರು.

ಈಗ ನಾನು ಗ್ರಂಥಾಲಯದಲ್ಲಿ ಮುಚ್ಚುವ ವೇಳೆಯವರೆಗೂ ಕುಳಿತುಕೊಳ್ಳುತ್ತೇನೆ. ಪ್ರತಿ ಭಾನುವಾರ ಗಾಡಿಗೆ ಅರ್ಧ ಗಂಟೆ: ಗಾಳಿ, ಕೇಬಲ್ಲು, ದೀಪ, ಪ್ಲಗ್ಗು. ಆರು ತಿಂಗಳಿಗೊಮ್ಮೆ ಡ್ರಮ್ಮು ಬಿಚ್ಚುತ್ತೇವೆ.

ಸಹಪಾಠಿ ಮಿತ್ರರೇ, ನಿಮ್ಮ ಮನೆಯ ಮೂಲೆಯಲ್ಲೂ ಇಂತಹದೊಂದು ಗಾಡಿ ನಿಂತಿದ್ದರೆ ಅದನ್ನು ಮಾರುವ ಮುನ್ನ ಒಮ್ಮೆ ಹಿಂದಿನ ಚಕ್ರ ಬಿಚ್ಚಿ ನೋಡಿರಿ. ಓಡಿಸಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಬ್ರೇಕು ಜಾರುತ್ತದೆಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ, ಮುಂದಿನ ತಿಂಗಳೆಂದು ತಳ್ಳಬೇಡಿರಿ. ಅರುವತ್ತು ರೂಪಾಯಿಯ ಕೆಲಸ ಅದು.